ಹೊಸ ರಾಡಿಗೊಂದು ಲೈನ್

ಫೆಬ್ರವರಿ 9

ಪ್ರೀತಿಯ ಗೊಣಗಿಗೆ,

ಅಪ್ಪ ಪತ್ರವನ್ನೇ ಬರೆಯುವುದಿಲ್ಲ ಎಂದು ನೀನು ಗೊಣಗಲು ಶುರುಮಾಡುವ ಮೊದಲೇ ಬರೆದುಬಿಡುತ್ತೇನೆ. ಕೈತುಂಬ ಕೆಲಸ. ಚಳಿಗಾಲ ಬಂದರೆ ಈ ಊರಿನ ಹಿರಿಯರಿಗೆಲ್ಲ ಒಟ್ಟಿಗೇ ಹೊಸ ಹಲ್ಲು ಬೇಕೆನಿಸುತ್ತದೆ. ನನ್ನ ಮೇಜಿನ ತುಂಬ ಮೇಣದ ದವಡೆಗಳು ಬಾಯಿ ತೆರೆದುಕೊಂಡು ಕೂತಿವೆ. ನಿನ್ನೆ ಒಬ್ಬ ನಿವೃತ್ತ ಮೇಷ್ಟ್ರು ಹೊಸ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿದರು. "ಇದು ನನ್ನ ನಗು ಅಲ್ಲ ಕಣ್ರೀ, ನಮ್ಮ ಭಾವಮೈದುನಂದು" ಅಂದರು. ಭಾವಮೈದುನನ ನಗು ಹೋಗುವವರೆಗೆ ಹಲ್ಲು ತೇದು ಕೊಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಟ್ರೌಟ್ ಮೀನು ಹಿಡಿಯಲು ಒಂದು ಹೊಸ ಗಾಳದ ರಾಡ್ ಕೊಂಡಿದ್ದೇನೆ. ರೀಲ್ ಮನೆಯಲ್ಲೇ ಇತ್ತು. ಅದಕ್ಕೆ ಸುತ್ತುವ ದಾರ, ಲೈನ್, ಇಲ್ಲ. ದಿನವಿಡೀ ನೀನು ಅಂಗಡಿಯಲ್ಲಿ ಮಾಡುವುದು ಇದೇ ಕೆಲಸವಲ್ಲವೇ, ಇದಕ್ಕೆ ತಕ್ಕ ಲೈನ್ ಆರಿಸಿ ಕಳಿಸು. ಮೀನು ಹಿಡಿಯಲು ನದಿ ತೆರೆಯುವುದು ಏಪ್ರಿಲಿನಲ್ಲಿ. ಅಷ್ಟರೊಳಗೆ ಬಂದರೆ ಸಾಕು.

ಮಂಡಿನೋವು ಹಾಗೇ ಇದೆ. ಕೇಳುತ್ತೀಯೆಂದು ಮೊದಲೇ ಬರೆದೆ.

ಅಪ್ಪ

—

ಫೆಬ್ರವರಿ 17

ಅಪ್ಪಾ,

ನೀನು ಹೊಸ ರಾಡ್ ಕೊಂಡೆಯಾ? ಕಾಗದ ಓದಿ ಅಂಗಡಿಯ ಯಜಮಾನರಿಗೆ ಹೇಳಿದೆ. ಅವರು ರೀಲಿಗೆ ಎಣ್ಣೆ ಬಿಡುತ್ತಿದ್ದವರು ಕೈ ನಿಲ್ಲಿಸಿ, "ನಿಮ್ಮಪ್ಪಾನಾ? ಮುರಿದ ರಾಡಿಗೆ ಹಲ್ಲಿನ ಅಂಟು ಹಾಕಿ ಜೋಡಿಸಿದ್ದರಲ್ಲ, ಅವರೇನಾ?" ಅಂದರು. ನಿನ್ನ ಕೀರ್ತಿ ಇಲ್ಲಿಯವರೆಗೂ ಬಂದಿದೆ.

ಲೈನ್ ಕಳಿಸುವುದು ದೊಡ್ಡ ಮಾತಲ್ಲ. ಆದರೆ ಬರೀ "ಹೊಸ ರಾಡ್" ಎಂದರೆ ಯಾವ ಲೈನ್ ಅಂತ ಕೊಡಲಿ? ಅಂಗಡಿಗೆ ಹೊಸದಾಗಿ ಬಂದವರಿಗೆ ನಾನು ಹೇಳುವುದನ್ನೇ ನಿನಗೂ ಹೇಳುತ್ತೇನೆ, ನಗಬೇಡ. ಇದನ್ನೆಲ್ಲ ನನಗೆ ಕಲಿಸಿದವನೇ ನೀನು. ಕೊಕ್ಕೆಗೆ ಗರಿ ಸುತ್ತಿ ಮಾಡಿದ ಸುಳ್ಳು ನೊಣಕ್ಕೆ ತೂಕವೇ ಇಲ್ಲ, ಅದನ್ನು ಎಸೆಯಲಾಗುವುದಿಲ್ಲ. ನಾವು ಎಸೆಯುವುದು ಲೈನನ್ನು. ಲೈನಿನ ತೂಕಕ್ಕೆ ರಾಡ್ ಬಾಗಬೇಕು, ಬಾಗಿದ ರಾಡ್ ನೆಟ್ಟಗಾಗುವಾಗ ಲೈನನ್ನು ಮುಂದಕ್ಕೆ ಹಾರಿಸಬೇಕು. ಅದಕ್ಕೇ ರಾಡಿಗೊಂದು ನಂಬರ್, ಲೈನಿಗೊಂದು ನಂಬರ್, ಎರಡೂ ಹೊಂದಬೇಕು. ಲೈನ್ ಭಾರವಾದರೆ ರಾಡ್ ಸೋತು ಜೋತುಬೀಳುತ್ತದೆ, ಲೈನ್ ನೀರಿಗೆ ಚಪ್ಪಾಳೆ ಹೊಡೆದಂತೆ ಬಿದ್ದು ಮೀನೆಲ್ಲ ಓಡುತ್ತದೆ. ಹಗುರವಾದರೆ ಇನ್ನೂ ಕಷ್ಟ. ರಾಡ್ ಬಾಗುವುದೇ ಇಲ್ಲ, ಲೈನ್ ಕಾಲಬುಡದಲ್ಲೇ ರಾಶಿ ಬೀಳುತ್ತದೆ. ಪಳಗಿದವರು ಹೇಗೋ ಸುಧಾರಿಸಿಕೊಂಡಾರು. ಹೊಸಬರು ಮಾತ್ರ ತಮ್ಮ ಕೈಯೇ ಸರಿಯಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾರೆ.

ಆದ್ದರಿಂದ ಬರೆದು ಕಳಿಸು. ಹಿಡಿಯ ಮೇಲ್ಗಡೆ ಯಾವ ನಂಬರ್ ಇದೆ? ಬಾಗಿಸಿದರೆ ತುದಿಯಷ್ಟೇ ಬಾಗುತ್ತದೋ, ನಡುವಿನವರೆಗೂ ಬರುತ್ತದೋ? ಹಿಡಿ ದಪ್ಪವೋ ತೆಳುವೋ? ಯಾರ ಕೈಗೆ ಎಂದು ಕೇಳುವುದೂ ನನ್ನ ಕೆಲಸವೇ. ಉತ್ತರ ಊಹಿಸಿದ್ದೇನೆ, ಆದರೂ ಬರೆ. ನಿನಗೆ ನಿನ್ನ ಹಳೆಯ ಮೆತ್ತನೆ ರಾಡ್ ಬಿಟ್ಟರೆ ಬೇರೆಯದು ಹಿಡಿಸುವುದಿಲ್ಲ, ಅದು ನನಗೆ ಗೊತ್ತು. ಮಾರ್ಚ್ ತಿಂಗಳಲ್ಲಿ ಯಾರು ಹುಟ್ಟಿದ್ದು ಎನ್ನುವುದೂ ಗೊತ್ತು. ನನ್ನ ಕೈಗೆ ಐದನೇ ನಂಬರ್ ಹೇಳಿಮಾಡಿಸಿದ ಹಾಗೆ ಇರುತ್ತದೆ. ಸುಮ್ಮನೆ ಹೇಳಿದೆ.

ಈ ಸಲ ಸೀಸನ್ನಿಗೆ ರಜೆ ಕೇಳಿಯೇ ಕೇಳುತ್ತೇನೆ. ಹೋದ ಸಲ, ಅದರ ಹಿಂದಿನ ಸಲ ಆದ ಹಾಗೆ ಆಗುವುದಿಲ್ಲ.

ನಿನ್ನ ಗೊಣಗಿ

—

ಫೆಬ್ರವರಿ 26

ಪ್ರೀತಿಯ ಗೊಣಗಿಗೆ,

ಕೇಳಿದ್ದಕ್ಕೆಲ್ಲ ಉತ್ತರ. ನಂಬರ್ ಐದು. ತುದಿ ಬಾಗುತ್ತದೆ, ನಡು ಗಟ್ಟಿ. ಹಿಡಿ ತೆಳು. ಕೈ ಸಣ್ಣದು, ಆದರೆ ಬಲವಿದೆ. ದಿನವಿಡೀ ಗಾಜು ಉಜ್ಜುವ ಕೈ.

ಇಲ್ಲಿ ನಿಲ್ಲಿಸಿದರೆ ನೀನು ಬಿಡುವವಳಲ್ಲ. ನನ್ನ ಕೆಲಸದ ಕೋಣೆಯ ಕೆಳಗೆ ಖಾಲಿಯಿದ್ದ ಮಳಿಗೆಗೆ ಹೋದ ವರ್ಷ ಕನ್ನಡಕದಂಗಡಿ ಬಂದಿದೆ ಎಂದು ಬರೆದಿದ್ದೆನಲ್ಲ, ರಾಡ್ ಆ ಅಂಗಡಿಯವರಿಗೆ. ಒಬ್ಬರೇ ನಡೆಸುತ್ತಾರೆ. ನಾನು ಹಲ್ಲಿನ ಸಾಲನ್ನು ಬೆರಳಲ್ಲಿ ತಡವಿ ಜೋಡಿಸುವುದನ್ನು ಒಂದು ದಿನ ಮೆಟ್ಟಿಲ ಮೇಲಿಂದ ನೋಡಿದ್ದಾರೆ. "ನಿಮಗೆ ಹತ್ತಿರದ್ದು ಕಾಣ್ತಾ ಇಲ್ಲ ಅಂತ ನಿಮಗೇ ಗೊತ್ತಿಲ್ವಲ್ರೀ" ಅಂದರು. ಹತ್ತಿರದ ಕೆಲಸಕ್ಕೆಂದೇ ಒಂದು ಕನ್ನಡಕ ಮಾಡಿಕೊಟ್ಟರು. ಅದನ್ನು ಹಾಕಿಕೊಂಡ ದಿನ ನನ್ನ ಕೈಬೆರಳಿನ ಗೆರೆಗಳನ್ನು ಎಷ್ಟೋ ಕಾಲದ ಮೇಲೆ ನೋಡಿದೆ. ಸಂಜೆ ಕೂತು ಗರಿಯ ನೊಣ ಕಟ್ಟಿದೆ. ಅವರು ಮೇಲೆ ಬಂದು ನೋಡಿದರು. ಮರುವಾರ ನದಿಗೆ ಬಂದು ನೋಡಿದರು. "ನನಗೂ ಕಲಿಸ್ತೀರಾ?" ಅಂದರು.

ಶರತ್ಕಾಲವೆಲ್ಲ ನನ್ನ ರಾಡಿನಲ್ಲೇ ಕಲಿಸಿದೆ. ಅವಳಿಗೆ ನೀರಿನ ಭಯ ಒಂದಿಷ್ಟೂ ಇಲ್ಲ. ಬಂಡೆಯಿಂದ ಬಂಡೆಗೆ ನನಗಿಂತ ಮೊದಲೇ ದಾಟಿ ನಿಂತಿರುತ್ತಾಳೆ. ತನ್ನದೇ ರಾಡ್ ಒಂದಿದ್ದರೆ ಚೆನ್ನ ಎಂದು ನನಗೇ ಅನಿಸಿತು, ಕೊಂಡೆ.

ಮಾರ್ಚಿನ ವಿಶೇಷ ಮರೆತಿಲ್ಲ. ಒಂದು ಸ್ವೆಟರ್ ಕಳಿಸುತ್ತಿದ್ದೇನೆ.

ಅಪ್ಪ

—

ಮಾರ್ಚ್ 3

ಪೂಜ್ಯ ತಂದೆಯವರಿಗೆ,

ತಮ್ಮ ಪತ್ರ ತಲುಪಿತು. ಸ್ವೆಟರ್ ಇನ್ನೂ ತಲುಪಿಲ್ಲ.

ತಾವು ಪತ್ರದ ಮೊದಲಲ್ಲಿ "ಅವರು" ಎಂದು ಬರೆದಿದ್ದೀರಿ. ನದಿಗೆ ಇಳಿಯುವ ಹೊತ್ತಿಗೆ "ಅವಳು" ಆಗಿದೆ. ತಾವೇ ಗಮನಿಸಿರಲಾರಿರಿ. ಹತ್ತಿರದ್ದನ್ನು ನೋಡಲು ಕನ್ನಡಕ ಬಂದಿದೆಯಲ್ಲ, ಹಾಕಿಕೊಂಡು ಒಮ್ಮೆ ಓದಿ ನೋಡಬಹುದಿತ್ತು.

ನಾನು ಕಲಿತದ್ದು ತಮ್ಮ ಮುರಿದ ರಾಡಿನ ಮೇಲಿನ ತುಂಡಿನಲ್ಲಿ. ಹಿಡಿಯ ಜಾಗದಲ್ಲಿ ಬಟ್ಟೆ ಸುತ್ತಿ ಕೊಟ್ಟಿದ್ದಿರಿ. ಅದೇ ಸಾಕು, ಕೈ ಪಳಗಿದ ಮೇಲೆ ಹೊಸದು ನೋಡೋಣ ಎಂದಿದ್ದಿರಿ. ನನ್ನ ಕೈ ಪಳಗಿ, ನಾನು ಊರು ಬಿಟ್ಟು, ಕಂಡವರಿಗೆಲ್ಲ ರಾಡ್ ಮಾರಿದ್ದಾಯಿತು. ಹೊಸದು ನೋಡುವ ದಿನ ಬರಲಿಲ್ಲ. ಗಾಜು ಉಜ್ಜುವವರ ಕೈ ಒಂದೇ ಶರತ್ಕಾಲದಲ್ಲಿ ಪಳಗಿತೆಂದರೆ ಸಂತೋಷವೇ.

ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳೋ. ಅಮ್ಮ ಹೋಗಿ ಇನ್ನೂ ಎಷ್ಟು ದಿನವಾಯಿತು ಎಂದು ನಾನು ಹೇಳಬೇಕಾಗಿಲ್ಲ.

ಲೈನಿನ ವಿಚಾರ ನೋಡುತ್ತೇನೆ.

ಇಂತಿ ತಮ್ಮ ಮಗಳು

—

ಮಾರ್ಚ್ 12

ಗೊಣಗಿ,

ತಂದೆಯವರು, ತಾವು, ತಮ್ಮ. ಕಾಗದ ಬ್ಯಾಂಕಿನಿಂದ ಬಂದಿದೆಯೇನೋ ಎಂದು ಲಕೋಟೆ ತಿರುಗಿಸಿ ನೋಡಿದೆ.

ಅಮ್ಮನನ್ನು ನಡುವೆ ತರಬೇಡ. ಅಮ್ಮನಿಗೆ ನದಿಯೆಂದರೆ ಆಗುತ್ತಿರಲಿಲ್ಲ, ಮೀನಿನ ವಾಸನೆಗೆ ಕಿಟಕಿ ತೆರೆದು ಕೂರುತ್ತಿದ್ದಳು. ನದಿಯಲ್ಲಿ ಅವಳ ಜಾಗ ಎಂಬುದು ಇರಲೇ ಇಲ್ಲ. ಇದ್ದದ್ದು ನಿನ್ನ ಜಾಗ. ಸಿಟ್ಟು ನಿನ್ನದೇ ಆಗಿದ್ದರೆ ನಿನ್ನದೇ ಎಂದು ಬರೆ, ಓದುತ್ತೇನೆ. ಅಮ್ಮನ ಹೆಸರಲ್ಲಿ ಬರೆದರೆ ನನಗೆ ಉತ್ತರ ಹೊಳೆಯುವುದಿಲ್ಲ.

ನಿನಗೆ ಹೊಸ ರಾಡ್ ತರಲಿಲ್ಲ. ತರಬೇಕಾಗಿತ್ತು. ಅದಕ್ಕೆ ನನ್ನ ಹತ್ತಿರ ಸಬೂಬಿಲ್ಲ.

"ಅವಳು" ಎಂದು ಬರೆದದ್ದು ನಿಜ. ಮತ್ತೆ ಓದಿ ನೋಡಿದೆ. ತಿದ್ದುವ ಹಾಗಿಲ್ಲ.

ಕಳೆದ ಎರಡು ಸೀಸನ್ನಿಗೂ ನಿನಗಾಗಿ ಕಾದೆ. ಅಂಗಡಿಯಲ್ಲಿ ರಜೆಯಿಲ್ಲ ಎಂದು ನೀನು ಬರೆದೆ. ಇರಬಹುದು, ಎಲ್ಲರೂ ರಾಡ್ ಕೊಳ್ಳುವ ಕಾಲ ಅದು. ನಾನು ಒಬ್ಬನೇ ಹೋಗಿ ಒಬ್ಬನೇ ಬರುತ್ತಿದ್ದೆ. ಹಿಡಿದ ಮೀನನ್ನು ಬಿಟ್ಟು ತಲೆಯೆತ್ತಿದರೆ "ನೋಡ್ದೇನೇ?" ಎಂದು ಕೇಳಲು ಪಕ್ಕದಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಇದನ್ನು ದೂರು ಎಂದು ಓದಬೇಡ.

ಅಪ್ಪ

—

ಮಾರ್ಚ್ 20

ಅಪ್ಪಾ,

ಸ್ವೆಟರ್ ಬಂತು. ತೋಳು ಉದ್ದವಾಗಿದೆ, ಮಡಚಿಕೊಂಡು ಹಾಕಿಕೊಂಡಿದ್ದೇನೆ.

ಲೈನ್ ಇದರ ಜೊತೆಗಿದೆ. ಬೂದು ಬಣ್ಣದ್ದು, ನೀರಿನ ಮೇಲೆ ಎದ್ದು ಕಾಣುವುದಿಲ್ಲ. ಪೆಟ್ಟಿಗೆ ಹರಿದಿತ್ತು, ಅದಕ್ಕೆ ಖಾಲಿ ಉರುಳೆಗೆ ಸುತ್ತಿ ಕಳಿಸಿದ್ದೇನೆ. ಹೊಸ ಕೈಗೆ ಹಗುರವಾದದ್ದೇ ಒಳ್ಳೆಯದು, ದಣಿವಾಗುವುದಿಲ್ಲ. ನಾನು ಅದನ್ನು ಸುತ್ತುವಾಗ ಯಜಮಾನರು ಹಿಂದೆ ಬಂದು ನಿಂತು, "ಅದ್ಯಾರಿಗಮ್ಮಾ ಅಷ್ಟು ಹಗುರದ್ದು?" ಅಂದರು. "ನಮ್ಮೂರಲ್ಲಿ ಒಬ್ಬರಿದ್ದಾರೆ" ಅಂದೆ. ಅವರಿಗೆ ಆಗಲೇ ಬೇರೆ ಗಿರಾಕಿ ಬಂದರು.

ಮೊದಮೊದಲು ಸರಿಯಾಗಿ ಬೀಳದಿದ್ದರೆ ಅವರು ಬೇಸರಪಡುವುದು ಬೇಡ. ಎಲ್ಲರ ಕೈಗೂ ಇದು ಬರುವುದಿಲ್ಲ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕೆಲವರು ದಡದಲ್ಲಿ ಕೂತು ನೋಡುವುದರಲ್ಲೇ ಸುಖಪಡುತ್ತಾರೆ. ಅಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸಿಟ್ಟೇನೂ ಇಲ್ಲ. ಇದ್ದಿದ್ದರೆ ಲೈನ್ ಕಳಿಸುತ್ತಿದ್ದೆನೇ?

ಈ ಸೀಸನ್ನಿಗೆ ರಜೆ ಸಿಗುವುದು ಅನುಮಾನ.

ನಿನ್ನ ಮಗಳು

—

ಏಪ್ರಿಲ್ 4

ಪ್ರೀತಿಯ ಗೊಣಗಿಗೆ,

ಲೈನ್ ಬಂತು. ಒಳ್ಳೆಯ ಲೈನ್.

ನದಿಯಲ್ಲಿ ಇನ್ನೂ ಹಿಮದ ನೀರು. ಕಾಲಿಟ್ಟರೆ ಮೂಳೆಯವರೆಗೂ ಕೊರೆಯುತ್ತದೆ. ಮೇಷ್ಟ್ರು ಹೊಸ ಹಲ್ಲಲ್ಲಿ ಬಿಸ್ಕತ್ತು ಕಡಿದು ತೋರಿಸಿದರು.

ಅಪ್ಪ

—

ಏಪ್ರಿಲ್ 27

ನಮಸ್ಕಾರ.

ನಾನು ನಿಮ್ಮ ತಂದೆಯವರ ಕೋಣೆಯ ಕೆಳಗಿನ ಕನ್ನಡಕದಂಗಡಿಯವಳು. ನಿಮ್ಮ ವಿಳಾಸವನ್ನು ಅವರ ಮೇಜಿನ ಮೇಲಿದ್ದ ಲಕೋಟೆಯಿಂದ ಬರೆದುಕೊಂಡೆ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಕೇಳಿದ್ದರೆ "ಬೇಡ ಬಿಡಿ, ಈಗ ಬೇಡ" ಅನ್ನುತ್ತಿದ್ದರು.

ಒಂದು ಥ್ಯಾಂಕ್ಸ್ ಹೇಳದೆ ಸುಮ್ಮನಿರುವುದು ನನಗೆ ಸರಿಕಾಣಲಿಲ್ಲ. ನೀವು ಆರಿಸಿ ಕಳಿಸಿದ ಲೈನನ್ನು ಭಾನುವಾರ ಮೊದಲ ಸಲ ನೀರಿಗೆ ಬಿಟ್ಟೆ. ನಿಮ್ಮ ತಂದೆಯವರ ರಾಡಿನಲ್ಲಿ ಕಲಿಯುವಾಗ ಅದು ನನ್ನ ಮಾತು ಕೇಳುತ್ತಲೇ ಇರಲಿಲ್ಲ, ಅವರ ಮಾತೇ ಕೇಳುತ್ತಿತ್ತು. ಈ ಕಿತ್ತಳೆ ಬಣ್ಣದ ಲೈನ್ ಹಾಗಲ್ಲ. ಹಿಂದಕ್ಕೆ ಎತ್ತಿದಾಗ ರಾಡ್ ಬಾಗುವುದು ಅಂಗೈಗೇ ತಿಳಿಯುತ್ತದೆ. ಒಂದು ಗಳಿಗೆ ತಡೆದು ಮುಂದಕ್ಕೆ ಬಿಟ್ಟರೆ ತಾನೇ ಹೋಗುತ್ತದೆ. ಮೀನೇನೂ ಸಿಗಲಿಲ್ಲ. ಆದರೂ ಕತ್ತಲಾಗುವ ತನಕ ನೀರಿನಿಂದ ಮೇಲೆ ಬರಲು ಮನಸ್ಸಾಗಲಿಲ್ಲ. ನೋಡದೇ ಒಬ್ಬರ ಕೈಗೆ ಇಷ್ಟು ಸರಿಯಾಗಿ ಹೊಂದಿಸುವುದು ನನ್ನ ಕೆಲಸದಲ್ಲೂ ಸುಲಭವಲ್ಲ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ನೀರಿಗಿಳಿದರೆ ನಿಮ್ಮ ತಂದೆಯವರ ಬಾಯಲ್ಲಿ ನಿಮ್ಮ ಸುದ್ದಿಯೇ. "ನಮ್ಮ ಗೊಣಗಿ ಆಗಿದ್ರೆ ಇಷ್ಟೊತ್ತಿಗೆ ಮಣಿಕಟ್ಟು ನಿಲ್ಲಿಸ್ತಿದ್ಲು." "ನಮ್ಮ ಗೊಣಗಿ ಈ ಬಂಡೆ ಹತ್ತಿರ ಹೋಗ್ತಾನೇ ಇರ್ಲಿಲ್ಲ." ಒಂದು ದಿನ ತಡೆಯಲಾರದೆ, "ಹಾಗಾದ್ರೆ ಅವರನ್ನೇ ಕರೆಸಿಕೊಳ್ಳಿ, ನಾನು ಅಂಗಡಿ ಬಾಗಿಲು ತೆಗೀತೀನಿ" ಎಂದು ರಾಡ್ ಮಡಚಿ ಹೊರಟುಬಿಟ್ಟಿದ್ದೆ. ಕಂಡೇ ಇರದವರ ಮೇಲೆ ಇಷ್ಟು ಹೊಟ್ಟೆಕಿಚ್ಚುಪಡಬಹುದು ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ನಿಮಗೂ ನನ್ನ ಮೇಲೆ ಸ್ವಲ್ಪ ಇರಬಹುದೆಂದುಕೊಂಡಿದ್ದೆ. ಲೈನ್ ನೋಡಿದ ಮೇಲೆ ನನ್ನ ಊಹೆಗೆ ನಾನೇ ನಾಚಿಕೊಂಡೆ.

ವಂದನೆಗಳೊಂದಿಗೆ,
ಕೆಳಗಿನ ಅಂಗಡಿಯವಳು

—

ಮೇ 3

ಅಪ್ಪಾ,

ನಾನು ಕಳಿಸಿದ್ದು ಬೂದು ಬಣ್ಣದ ಲೈನ್.

ಆಕೆ ನನಗೆ ಪತ್ರ ಬರೆದಿದ್ದಾರೆ. ಕಿತ್ತಳೆ ಬಣ್ಣದ್ದಂತೆ. ತಾನೇ ಹಾರುತ್ತದಂತೆ. ನನಗೆ ಥ್ಯಾಂಕ್ಸ್ ಹೇಳಿದ್ದಾರೆ.

ಆ ಕಾಗದವನ್ನು ಅಂಗಡಿಯ ಹಿಂದಿನ ಗೋದಾಮಿನಲ್ಲಿ ನಿಂತು ಓದಿದೆ. ಆಮೇಲೆ ಹೊರಗೆ ಬಂದು ಗಿರಾಕಿಗಳನ್ನು ನೋಡಿಕೊಳ್ಳಲು ಆಗಲಿಲ್ಲ. ತಲೆನೋವು ಎಂದು ಹೇಳಿ ಮನೆಗೆ ಬಂದೆ.

ನಿನಗೆ ಯಾವಾಗ ಗೊತ್ತಾಯಿತು?

ಗೊಣಗಿ

—

ಮೇ 11

ಪ್ರೀತಿಯ ಗೊಣಗಿಗೆ,

ಪೊಟ್ಟಣ ಬಿಚ್ಚಿದ ದಿನವೇ ಅನುಮಾನ ಬಂತು. ಬೆರಳಲ್ಲಿ ಉಜ್ಜಿ ನೋಡಿದರೆ ಐದನೇ ನಂಬರಿನ ದಪ್ಪವಿಲ್ಲ, ಮೂರನೆಯದಿರಬೇಕು. ಅವಳಿಗೆ ಹೇಳದೆ ಅವಳ ರಾಡನ್ನು ತೆಗೆದುಕೊಂಡು ಮನೆಯ ಹಿಂದಿನ ಬಯಲಿಗೆ ಹೋದೆ. ಎಷ್ಟು ಬೀಸಿದರೂ ರಾಡ್ ಮಿಸುಕಲಿಲ್ಲ. ಲೈನ್ ಒದ್ದೆ ಉಲ್ಲನ್ನಿನ ಹಾಗೆ ಕಾಲಮೇಲೆ ಬಿತ್ತು. ಮೊದಲು ಅಂಗಡಿಯಲ್ಲಿ ಅದಲುಬದಲಾಗಿರಬೇಕು ಎಂದುಕೊಂಡೆ. ಮನೆಗೆ ಬಂದು ನಿನ್ನ ಪತ್ರ ಮತ್ತೊಮ್ಮೆ ಓದಿದೆ. ಎಲ್ಲರ ಕೈಗೂ ಬರುವುದಿಲ್ಲ, ದಡದಲ್ಲಿ ಕೂತು ನೋಡುವ ಸುಖ ಎಂದೆಲ್ಲ ಬರೆದಿದ್ದೀಯಲ್ಲ, ಅಲ್ಲಿ ತಿಳಿಯಿತು. ನೀನು ಮರೆತು ಲೈನ್ ಅದಲುಬದಲು ಮಾಡುವವಳಲ್ಲ.

ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಬಂತು. ನಿನಗೆ ಬರೆಯಲು ಕೂತರೆ ಕೈ ಓಡಲಿಲ್ಲ. ಅದಕ್ಕೇ ಆ ಸಲದ ಪತ್ರ ಅಷ್ಟೇ ಆಯಿತು. ಅವಳು ಒಂದು ದಿನ ಬಯಲಲ್ಲಿ ಅದನ್ನು ಬೀಸಿ ನೋಡಿದ್ದಿದ್ದರೆ ತನ್ನ ಕೈಯನ್ನೇ ಬೈದುಕೊಂಡು ರಾಡನ್ನು ನನಗೆ ವಾಪಸು ಕೊಡುತ್ತಿದ್ದಳು. ಹಾಗೆ ಆಗಲಿ ಎಂದೇ ನೀನು ಕಳಿಸಿದ್ದು. ಅದನ್ನು ಅರಗಿಸಿಕೊಳ್ಳಲು ಕಷ್ಟವಾಯಿತು.

ಬೇರೆ ಅಂಗಡಿಗೆ ಬರೆದು ಐದನೇ ನಂಬರಿನದು ತರಿಸಿದೆ. ಅವರ ಹತ್ತಿರ ಇದ್ದದ್ದು ಕಿತ್ತಳೆ ಬಣ್ಣ. ನೀನು ಕಳಿಸಿದ್ದು ಎಂದು ಹೇಳಿ ಕೊಟ್ಟೆ. ನಿನ್ನದನ್ನು ನನ್ನ ಹಳೆಯ ರಾಡಿಗೆ ಹಾಕಿಕೊಂಡಿದ್ದೇನೆ. ಅದಕ್ಕೆ ಅದು ಚೆನ್ನಾಗಿಯೇ ಹೊಂದಿದೆ. "ಒಳ್ಳೆಯ ಲೈನ್" ಎಂದು ಬರೆದದ್ದು ಸುಳ್ಳಲ್ಲ. ಅವಳಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ.

ಸಿಟ್ಟು ಇಳಿದ ಮೇಲೆ ಇನ್ನೊಂದು ಯೋಚನೆ ಬಂತು. ಅಂಗಡಿಗೆ ಬರುವ ಗುರುತು ಪರಿಚಯವಿಲ್ಲದ ಜನಕ್ಕೆಲ್ಲ ನೀನು ಕೇಳಿ, ಅಳೆದು, ಸರಿಯಾದದ್ದನ್ನೇ ಕೊಡುತ್ತೀಯ. ತಪ್ಪು ಲೈನ್ ಕೊಟ್ಟದ್ದು ಇವಳೊಬ್ಬಳಿಗೇ. ಎಂದಮೇಲೆ ಇವಳು ನಿನಗೆ ಬರೀ ಯಾರೋ ಒಬ್ಬಳಲ್ಲ. ಹಾಗೆಂದುಕೊಂಡೆ. ಹಾಗೆ ಅಂದುಕೊಳ್ಳದಿದ್ದರೆ ನನಗೆ ಆ ವಾರ ಕಳೆಯುತ್ತಿರಲಿಲ್ಲ.

ನಾನು ಅವಳನ್ನು ಬಿಡುವುದಿಲ್ಲ. ನಿನ್ನನ್ನೂ ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಗೆ ನಡೆಸುವುದೆಂದು ನನಗೆ ತಿಳಿಯದು. ನೀನು ಬಂದರೆ ನೋಡೋಣ.

ಅಪ್ಪ

—

ಮೇ 19

ನಮಸ್ಕಾರ.

ನಿಮ್ಮ ಪತ್ರಕ್ಕೆ ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದು ಹಾಕಿದೆ.

ನಿಮ್ಮ ಊಹೆ ಸರಿಯಾಗಿಯೇ ಇತ್ತು, ನಾಚಿಕೊಳ್ಳಬೇಕಾಗಿರಲಿಲ್ಲ. ಸ್ವಲ್ಪ ಎಂದಿದ್ದೀರಿ. ಸ್ವಲ್ಪ ಅಲ್ಲ. ನಿಮ್ಮ ಲೈನಿನ ಬಣ್ಣವನ್ನು ಓದಿದಾಗ ನನಗೆ ಮೊದಲು ಬಂದದ್ದು ನಾಚಿಕೆಯೂ ಅಲ್ಲ. ನೀವು ಎಷ್ಟು ಹೊತ್ತು ಅಪ್ಪನ ಪಕ್ಕ ನೀರಿನಲ್ಲಿ ನಿಂತಿದ್ದಿರಿ ಎಂಬ ಲೆಕ್ಕಾಚಾರ. ನಾಚಿಕೆ ಆಮೇಲೆ ಬಂತು. ಲೈನಿನ ವಿಷಯದಲ್ಲಿ ನಿಮ್ಮ ಥ್ಯಾಂಕ್ಸ್ ಅಪ್ಪನಿಗೆ ಹೋಗಬೇಕಾದದ್ದು. ಯಾಕೆ ಎಂದು ಅವನನ್ನು ಕೇಳಬೇಡಿ, ಹೇಳುವುದಿಲ್ಲ. ನನ್ನನ್ನೇ ಕೇಳಿ, ಎದುರಿಗೆ ಕೂತು ಹೇಳುತ್ತೇನೆ. ಕಾಗದದಲ್ಲಿ ಬರೆದರೆ ನಾನು ಚೆನ್ನಾಗಿ ಕಾಣುವ ಹಾಗೆ ಬರೆದುಬಿಡುತ್ತೇನೆ.

ಕಿತ್ತಳೆ ಲೈನನ್ನು ಪ್ರತಿಸಲ ನದಿಯಿಂದ ಬಂದ ಮೇಲೆ ಉಗುರುಬೆಚ್ಚನೆ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒರೆಸಿ. ಕೊಳೆ ಕೂತರೆ ಅದು ಮುಳುಗಲು ಶುರುಮಾಡುತ್ತದೆ. ತುದಿಗೆ ಕಟ್ಟುವ ಸಣ್ಣ ಎಳೆಯನ್ನು ನಿಮ್ಮ ರಾಡಿನ ಉದ್ದಕ್ಕಿಂತ ಹೆಚ್ಚು ಬಿಡಬೇಡಿ, ಈಗಲೇ ಬೇಡ. ಅಪ್ಪ ಉದ್ದ ಬಿಡು ಅನ್ನುತ್ತಾನೆ. ಅದು ಅವನ ಕೈಗೆ ಸರಿ. ಇದನ್ನು ನಾನು ಅಂಗಡಿಗೆ ಬಂದವರಿಗೆ ಹೇಳುವ ಹಾಗೆಯೇ ಹೇಳುತ್ತಿದ್ದೇನೆ, ನಂಬಬಹುದು.

ಯಜಮಾನರ ಹತ್ತಿರ ರಜೆ ಕೇಳಿದೆ. "ಸೀಸನ್ ಮಧ್ಯದಲ್ಲಾ?" ಎಂದು ಮುಖ ಸಿಂಡರಿಸಿದರು. "ಮನೆಗೆ ಹೋಗಬೇಕು" ಅಂದೆ. ನನ್ನ ಮುಖ ನೋಡಿ ಮತ್ತೇನೂ ಕೇಳದೆ ಒಪ್ಪಿದರು. ಜೂನ್ ಮೊದಲ ವಾರ ಬರುತ್ತೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಂದ ಮೊದಲ ದಿನ ಅಪ್ಪ ನನಗೆ ಬೇಕು. ಬೆಳಗಿನಿಂದ ಸಂಜೆಯವರೆಗೆ, ಇಡೀ ದಿನ. ನಾವಿಬ್ಬರೇ ನದಿಗೆ ಹೋಗುತ್ತೇವೆ. ನೀವು ಅಂಗಡಿಯಲ್ಲಿರಿ. ಆ ದಿನ ನಿಮಗೆ ಹೊಟ್ಟೆ ಉರಿದರೆ ನನಗೆ ಒಂದಿಷ್ಟೂ ಬೇಸರವಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಉರಿಯಲಿ ಎಂದೇ ಇದೆ.

ಎರಡನೇ ದಿನ ನಿಮ್ಮ ರಾಡ್ ತೆಗೆದುಕೊಂಡು ಬನ್ನಿ. ಅಪ್ಪನನ್ನು ದಡದಲ್ಲಿ ಕೂರಿಸೋಣ. ನಿಮ್ಮ ಮಣಿಕಟ್ಟು ಎಲ್ಲಿ ತಪ್ಪುತ್ತಿದೆ ಎಂದು ನಾನು ನೋಡುತ್ತೇನೆ.

ಗೊಣಗಿ